ಅತ್ತೆಯ ಒಪ್ಪತ್ತು

ನಮ್ಮ ಸೋದರತ್ತೆಗೆ ಹೆದರದ ಜೀವ ಬಸವನಗುಡಿಯಲ್ಲಿತ್ತೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ! ತರಕಾರಿ ಗಾಡಿಯವನು ನಮ್ಮ ಮನೆ ಬರುವ ಮೊದಲೇ ಕೊಳೆತ ಬದನೆಕಾಯನ್ನು ಗೋಣಿಯಡಿ ಬಚ್ಚಿಡುತ್ತಿದ್ದ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ, ಬಂದವರು. ಅಂದಿನಿಂದ ಅವರದು ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಮಡಿಯಲ್ಲಿ, ನಮಗೆಲ್ಲ ಬಡಿಸಿ ಆದ ಮೇಲೆ. ಊಟವೆಂದರೇನು, ಒಂದು ಹಿಡಿ ಅನ್ನ, ಅದರ ಎರಡರಷ್ಟು ಮೆಣಸಿನ ಸಾರು! ನಮಗೆ ಮಾತ್ರ ಗದರಿಸಿ ಗದರಿಸಿ ಮೂರು ಹೊತ್ತೂ ತಿನ್ನಿಸುತ್ತಿದ್ದರು.

ಹೊಟ್ಟೆ ಉರಿದರೆ ಪಿತ್ತ ಎನ್ನುತ್ತಿದ್ದರು. ಜೀರಿಗೆ ಕಷಾಯ ಕುಡಿದು, ಬಿಸಿನೀರಿನ ಚೊಂಬನ್ನು ಹೊಟ್ಟೆಗೊತ್ತಿಕೊಂಡೇ ನಮ್ಮನ್ನು ಬೈಯುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ವಾಂತಿ ಮಾಡಿಕೊಂಡರು. ಕಾಫಿ ಚರಟದ ಹಾಗೆ ಕಪ್ಪಗಿತ್ತು. ಕಾಫಿಯನ್ನೇ ಮುಟ್ಟದ ಅತ್ತೆ! ಅಮ್ಮ ಗೋಡೆ ಹಿಡಿದು ನಿಂತುಬಿಟ್ಟರು. ನಾನು ಅಪ್ಪನನ್ನು ಕರೆಯಲು ಓಡಿದೆ.

ಜಟಕಾ ಮಾಡಿಕೊಂಡು ಚಾಮರಾಜಪೇಟೆಯ ಡಾಕ್ಟರ ಬಳಿಗೆ ಹೋದೆವು. ಎಕ್ಸ್‌ರೇಗೆ ಮೊದಲು ಕುಡಿಯಲು ಸುಣ್ಣದ ನೀರಿನಂಥದ್ದೇನೋ ಕೊಟ್ಟರು. ಇದನ್ನು ಕಲಸಿದವರು ಸ್ನಾನ ಮಾಡಿದ್ದಾರೆಯೇ ಎಂಬುದು ಅತ್ತೆಯ ಮೊದಲ ಪ್ರಶ್ನೆ. ಕಾಂಪೌಂಡರ್ ಬೆದರಿ, ಹಿಂದಿನ ದಿನದ ಎಣ್ಣೆಸ್ನಾನವನ್ನೂ ಸೇರಿಸಿ ಹೇಳಿದ.

ಡಾಕ್ಟರು ಮಾತ್ರ ನಗಲಿಲ್ಲ. ಜಠರದಲ್ಲಿ ಹುಣ್ಣಾಗಿದೆ, ವಾಂತಿಯಲ್ಲಿ ಕಪ್ಪಗೆ ಬಂದದ್ದು ಅದರ ರಕ್ತ, ಬರೀ ಹೊಟ್ಟೆಯಲ್ಲಿದ್ದೂ ಖಾರ ತಿಂದೂ ಹೀಗಾಗಿದೆ ಎಂದರು. ಎರಡೆರಡು ಗಂಟೆಗೆ ಹಾಲು, ಒಂದು ಬಿಳಿ ಔಷಧಿ, ರಾತ್ರಿ ಮೆತ್ತಗಿನ ಅನ್ನ. ಮತ್ತೆ ರಕ್ತ ಬಂದರೆ ಹೊಟ್ಟೆ ಕೊಯ್ಯಬೇಕಾಗುತ್ತದೆ, ಈ ಶರೀರ ಅದನ್ನು ತಡೆಯುವುದು ಕಷ್ಟ ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

ಅತ್ತೆ ಹಾಲಿಗೆ ಒಪ್ಪಿದರು, ಔಷಧಿಗೂ ಒಪ್ಪಿದರು. ರಾತ್ರಿಯ ಅನ್ನಕ್ಕೆ ಸುತರಾಂ ಇಲ್ಲ.

"ನಾನು ಎರಡು ಹೊತ್ತು ಉಂಡ್ರೆ ನಿನ್ನ ಮಕ್ಕಳಿಗೆ ಏನಾದ್ರೂ ಆಗುತ್ತೆ ಕಣೋ" ಎಂದು ಅಪ್ಪನಿಗೆ ಹೇಳುವಾಗ ಆ ಗಟ್ಟಿ ದನಿ ನಡುಗಿತು. ಇಷ್ಟು ವರ್ಷ ನಮ್ಮನ್ನೆಲ್ಲ ಹೆದರಿಸಿದವರು ಒಳಗೇ ಇಷ್ಟೊಂದು ಹೆದರಿಕೊಂಡಿದ್ದರೇ?

ಅಂದು ದೀಪ ಹಚ್ಚಿದ ಮೇಲೆ ಅಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಅಡುಗೆಮನೆಗೆ ನುಗ್ಗಿದರು. ಒಲೆ ಹೊತ್ತಿಸಲೂ ಬಾರದ ಮನುಷ್ಯ! ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅನ್ನ ಮಾಡಿ, ಹಾಲು ಹಾಕಿ ಹಿಸುಕಿ ಅತ್ತೆಯ ಮುಂದಿಟ್ಟರು.

"ಅಕ್ಕ, ಅಮ್ಮ ಹೋದಾಗ ನಂಗೆ ಉಣ್ಣಿಸಿದೋಳು ನೀನು. ಇನ್ನೊಂದ್ಸಲ ಅಮ್ಮನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅತ್ತೆ ನಮ್ಮೆಲ್ಲರ ಮುಖವನ್ನೂ ನೋಡಿದರು. ಕಿಟಕಿ ಮುಚ್ಚಲು ಹೇಳಿದರು. ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದರು.

"ಅಕ್ಕಿ ಬೆಂದಿಲ್ಲ ಕಣೋ" ಎಂದರು. "ನಾಳೆ ರಾತ್ರಿಗೆ ನಾನೇ ಮಾಡ್ಕೋತೀನಿ."