ಸಂಪಿನ ಖಾಲಿ ಜಾಗ

ಕದಿರೇಶನ್‌ಗೆ ಮೈಯೆಲ್ಲ ಉರಿ. ಚೆನ್ನೈನ ಕೊಳತ್ತೂರಿನಲ್ಲಿ ಮನೆಗೊಂದು ಮೀನಿನ ತೊಟ್ಟಿ ಇದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಇವನು ಸಮುದ್ರದ ಮೀನು ಸಾಕಿದರೆ ಮಾತ್ರ ಕೆಳಮನೆಯ ಓನರಮ್ಮ ಸೌಂದರವಲ್ಲಿಗೆ ನಿದ್ದೆ ಬರುವುದಿಲ್ಲವಂತೆ! ಉಪ್ಪುನೀರು ಒಂದು ಹನಿ ಕೆಳಗಿಳಿದರೂ ತೊಟ್ಟಿ ಆಚೆ ಎಂದು ಅವರು ಮೆಟ್ಟಿಲ ಮೇಲೆ ನಿಂತು ಸಾರಿಬಿಟ್ಟಿದ್ದರು.

ರೈಲು ಡಬ್ಬಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಕ್ಷೆ ಬರೆದವನಿಗೆ ಹನಿಯ ಬೆದರಿಕೆಯೇ? ಮೂರು ತಿಂಗಳು ಕೂತು ಅವನೊಂದು ಮಹಾ ಜಲವ್ಯವಸ್ಥೆಯನ್ನೇ ರಚಿಸಿದ್ದ. ತೊಟ್ಟಿಯಲ್ಲಿ ಹೆಚ್ಚಾದ ನೀರು ಅಂಚಿನ ಕಿಂಡಿಯಿಂದ ಕೊಳವೆಗೆ, ಅಲ್ಲಿಂದ ಕೆಳಗಿನ ಕಪಾಟಿನಲ್ಲಿ ಕೂತ ಸಂಪೆಂಬ ಇನ್ನೊಂದು ತೊಟ್ಟಿಗೆ. ಅಲ್ಲಿ ಶುದ್ಧವಾಗಿ ಪಂಪಿನ ಮೂಲಕ ಮತ್ತೆ ಮೇಲಕ್ಕೆ. ಕರೆಂಟು ಹೋದರೆ? ಪಂಪು ನಿಲ್ಲುತ್ತದೆ, ಮೇಲಿನ ನೀರು ಒಂದಷ್ಟು ಇಳಿದುಬರುತ್ತದೆ. ಅದಕ್ಕೆಂದೇ ಸಂಪು ಅರ್ಧ ಖಾಲಿ. (ಈ ಖಾಲಿ ಜಾಗದ ಮಹಿಮೆಯನ್ನು ಅವನು ಇಸ್ತ್ರಿಯವನಿಗೂ ಹಾಲಿನವನಿಗೂ ಕೊರೆದಿದ್ದ. ಹಾಲಿನವನು ಈಗ ಪ್ಯಾಕೆಟ್ಟು ಗೇಟಿಗೆ ಸಿಕ್ಕಿಸಿ ಓಡುತ್ತಾನೆ.)

ಭಾನುವಾರ ಬೆಳಿಗ್ಗೆ ಓನರಮ್ಮನನ್ನೇ ಮೇಲಕ್ಕೆ ಕರೆಸಿದ. ಹೆಂಡತಿ ಪೂಂಗೋದೈ ಕಾಫಿ ತಂದಳು. ತಿಂಗಳಿಂದ ಇಲ್ಲೇ ಇರುವ ಅತ್ತೆ ಅಲಮೇಲು ಬಾಗಿಲ ಬಳಿ ನಿಂತರು.

"ನೋಡಿಮ್ಮ, ಕರೆಂಟು ಹೋಯ್ತು ಅಂದ್ಕೊಳ್ಳಿ," ಎಂದು ಕದಿರೇಶನ್ ಸ್ವಿಚ್ಚು ಆರಿಸಿದ.

ನೀರು ನಕ್ಷೆಯಲ್ಲಿದ್ದಂತೆಯೇ ಇಳಿಯಿತು. ಸಂಪು ತುಂಬಿತು. ಆಮೇಲೂ ಇಳಿಯಿತು. ಕಪಾಟಿನಿಂದ ಹೊರಟ ನೀರು ನಡುಮನೆ ದಾಟಿ, ಮೆಟ್ಟಿಲಿಳಿದು, ಓನರಮ್ಮನ ಬಾಗಿಲ ರಂಗೋಲಿಯನ್ನು ತೊಳೆದುಹಾಕಿತು. ಮೀನುಗಳಿಗೆ ಏನೂ ಆಗಲಿಲ್ಲ. ಅವಕ್ಕೆ ಮಾನ ಮರ್ಯಾದೆಯ ಪ್ರಶ್ನೆ ಇಲ್ಲವಲ್ಲ.

ಸಂಪಿಗೆ ಕೈ ಹಾಕಿದ ಪಾಪಿ ಯಾರು ಎಂದು ಕದಿರೇಶನ್ ಹಾರಾಡಿದ.

"ನಾನೇ ಅಳಿಯಂದಿರೇ," ಎಂದರು ಅತ್ತೆ. "ನಾಲ್ಕು ದಿನ ಆದ್ಮೇಲೆ ನಿನ್ನೆ ನೀರಿನ ಲಾರಿ ಬಂತು. ಕೊಡ, ಬಕೆಟ್ಟು, ದೇವರ ಚೊಂಬು ಎಲ್ಲಾ ತುಂಬಿಸಿಟ್ಟೆ. ನಿಮ್ಮ ತೊಟ್ಟಿ ನೋಡಿದ್ರೆ ಅರ್ಧ ಖಾಲಿ. ಈ ಊರಲ್ಲಿ ಯಾರಾದ್ರೂ ಖಾಲಿ ಬಿಡ್ತಾರಾ? ಪಾಪ, ಬಾಯಿಬಿಟ್ಟು ಕೇಳೋರಲ್ಲ ಅಂತ ನನ್ನ ಸ್ನಾನದ ಎರಡು ಕೊಡ ಅದಕ್ಕೇ ಸುರಿದೆ. ನಾನು ಮೈಗೆ ನೀರು ಹಾಕ್ಕೊಂಡು ಐದು ದಿನ ಆಯ್ತು."

"ಅಮ್ಮನಿಗೂ ಒಂದು ಮಾತು ಹೇಳ್ರೀ ಅಂದ್ರೆ, ಮುದುಕಿಗೇನು ಅರ್ಥ ಆಗುತ್ತೆ ಅಂದವರು ಯಾರು?" ಎಂದಳು ಪೂಂಗೋದೈ.

ಓನರಮ್ಮನ ಸಿಟ್ಟು ಅಲ್ಲಿಯೇ ದಿಕ್ಕು ಬದಲಿಸಿತು. ವಯಸ್ಸಾದ ಜೀವದ ಸ್ನಾನದ ನೀರು ಮೀನಿಗೆ ಕುಡಿಸಿದ ಪಾಪ ನಿಮಗೆ ತಟ್ಟದೆ ಇರುತ್ತದೆಯೇ ಎಂದರು. ತಾನು ನೀರು ಕೇಳಲೇ ಇಲ್ಲವೆಂದು ಕದಿರೇಶನ್ ಬಡಿದುಕೊಂಡ. ಕೇಳುವವರು ಯಾರು?

"ಈಯಮ್ಮನ ಮುಖ ನೋಡಿ ತೊಟ್ಟಿ ಇರಲಿ ಅಂತೀನಿ. ಆದ್ರೆ ಲಾರಿ ಬಂದಾಗೆಲ್ಲ ಅವರ ಸ್ನಾನದ ನೀರು ನೀವೇ ಹೊತ್ತು ತರಬೇಕು," ಎಂದರು ಓನರಮ್ಮ.

ಗುರುವಾರ ಲಾರಿ ಬಂತು. ರಜೆ ಹಾಕಿದ ನಕ್ಷೆಗಾರ ಹಳದಿ ಪ್ಲಾಸ್ಟಿಕ್ ಕೊಡ ಹಿಡಿದು ಹೆಂಗಸರ ಸಾಲಿನಲ್ಲಿ ಹದಿನೇಳನೆಯವನಾಗಿ ನಿಂತ. ಎರಡನೆಯ ಕೊಡ ಹೆಗಲಿಗೇರಿಸುವಾಗ ಪೂಂಗೋದೈ ಮೇಲಿಂದ ಬಗ್ಗಿ, ಹೇಗೂ ಇಳಿದಿದ್ದೀರಿ, ಅಡುಗೆಮನೆಗೂ ನಾಲ್ಕು ಕೊಡ ತಂದುಬಿಡಿ ಎಂದಳು. ಓನರಮ್ಮ ತಮ್ಮ ಬಾಗಿಲಲ್ಲಿ ಎರಡು ಖಾಲಿ ಕೊಡ ತಂದಿಟ್ಟು ಒಳಗೆ ಹೋದರು.