ಅರ್ಧ ಇಂಚಿನ ಮಾತು

ದರ್ಜಿ ಹೇಳಹೊರಟಿದ್ದು ‘ಪ್ಯಾಂಟು ಅರ್ಧ ಇಂಚು ಕತ್ತರಿಸಿದರೆ ಸಾಕು’ ಅಂತ. “ಅರ್ಧ... ಅರ್ಧ...” ಎನ್ನುವಷ್ಟರಲ್ಲಿ ಗಿರಾಕಿಗೆ ಬಸ್ಸು ಕಂಡಿತು. “ಅರ್ಧಕ್ಕೆ ಕತ್ತರಿಸ್ಬೇಕಾ? ಕತ್ತರಿಸಪ್ಪ, ನಿಂಗೆ ಗೊತ್ತಿಲ್ದೇ ಇರೋದಾ!” ಎಂದು ಓಡಿದ. ಗುಂಡಿ ಹೊಲಿಯುತ್ತಿದ್ದ ದರ್ಜಿಯ ಹೆಂಡತಿ ಪ್ಯಾಂಟು ಎಳೆದುಕೊಂಡು ಕತ್ತರಿ ಎತ್ತಿಕೊಂಡಳು. ದರ್ಜಿ “ನಿ... ನಿ...” ಎನ್ನುತ್ತಿದ್ದ. ಅವನು “ನಿಲ್ಲು” ಎಂದು ಮುಗಿಸುವ ಹೊತ್ತಿಗೆ ಪ್ಯಾಂಟು ಚಡ್ಡಿಯಾಗಿತ್ತು.

ಮರುದಿನ ಬೆಳಿಗ್ಗೆಯೇ ಹೆಂಡತಿ ಅವನನ್ನು ಮಾತಿನ ತರಬೇತಿ ಕೊಡುವ ಟೀಚರಮ್ಮನ ಹತ್ತಿರ ಅಟ್ಟಿದಳು. ಆಕೆ ಅವನು ಹೇಳಿದ್ದನ್ನೆಲ್ಲ ಕೊನೆವರೆಗೂ ಕೇಳಿದರು. ಹಾಗೆ ಕೇಳಿದವರು ಅವನ ಜನ್ಮದಲ್ಲಿ ಅವರೊಬ್ಬರೇ.

“ಕನ್ನಡಿ ಮುಂದೆ ನಿಂತು ಓದಿದ್ರೆ ಸಾಲದು. ಇವತ್ತು ಮೂರು ಜನರ ಹತ್ರ ಮಾಮೂಲಿ ಮಾತಾಡಿ. ತಡವರಿಸಿದ್ರೆ ತಡವರಿಸ್ಲಿ, ನಾಚ್ಕೋಬೇಡಿ. ಆದ್ರೆ ನಿಮ್ಮ ಮಾತನ್ನ ನೀವೇ ಮುಗಿಸ್ಬೇಕು.”

ದರ್ಜಿ ಎದೆಯುಬ್ಬಿಸಿಕೊಂಡು ಬೇಕರಿಗೆ ಹೋದ. “ಒಂದು ಬ... ಬ...”

“ಬನ್ನಾ? ಬಿಸ್ಕತ್ತಾ?” ಎನ್ನುತ್ತ ಬೇಕರಿಯವನು ಎರಡನ್ನೂ ಕಟ್ಟಿ ಕೈಗಿಟ್ಟ. ‘ಬ್ರೆಡ್ಡು’ ಗಂಟಲಲ್ಲೇ ಉಳಿಯಿತು.

ಮುಂದೆ ಕ್ಷೌರದಂಗಡಿ. ಕುರ್ಚಿಯಲ್ಲಿ ಕೂತು, “ಗಡ್ಡ ಮಾಡಿ. ಮೀಸೆ... ಮೀಸೆ...” ಎಂದ.

“ಮೀಸೆ ತೆಗೀಬೇಕಾ? ಅದೇನು ಮಹಾ!” ಕ್ಷೌರಿಕನ ಕತ್ತಿ ಇಸ್ತ್ರಿಪೆಟ್ಟಿಗೆಯಂತೆ ಸರ್ರನೆ ಹರಿಯಿತು.

“ಮು... ಮುಟ್ಟಬೇಡಿ!”

ಮಾತು ಪೂರ್ತಿಯಾಯಿತು, ಮೀಸೆ ಅರ್ಧವಾಯಿತು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ?” ಎಂದ ಕ್ಷೌರಿಕ, ಉಳಿದರ್ಧವನ್ನೂ ಬೋಳಿಸಿ ಸಮ ಮಾಡಿದ.

ದರ್ಜಿ ತನ್ನ ಅಂಗಡಿಯ ಮೆಟ್ಟಿಲು ಹತ್ತಿದರೆ ಹೆಂಡತಿ ಸೂಜಿಯಿಂದ ಕಣ್ಣೆತ್ತಿ, “ಟೇಲರ್ ಇಲ್ಲ, ಆಮೇಲೆ ಬನ್ನಿ” ಎಂದಳು. ಮರುಕ್ಷಣ ಗುರುತು ಹತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅಷ್ಟರಲ್ಲಿ ಕೋಟು ಹೊಲಿಯಲು ಕೊಟ್ಟಿದ್ದ ಅಜ್ಜಿ ಬಂದರು. ಮೂರನೆಯವರು! ಹೆಂಡತಿ ಬಾಯಿ ತೆರೆಯುವ ಮೊದಲೇ ದರ್ಜಿ ಕೈಯೆತ್ತಿ ತಡೆದ. ಉಸಿರೆಳೆದುಕೊಂಡು ಶುರು ಮಾಡಿದ. ಎಡವಿದ, ನಿಂತ, ಮತ್ತೆ ನಡೆದ. ಅಜ್ಜಿ ನಡುವೆ ಒಂದು ಮಾತೂ ತೂರಿಸಲಿಲ್ಲ. ನಗುನಗುತ್ತ ತಲೆಯಾಡಿಸಿದರು. ನಾಲ್ಕು ನಿಮಿಷ ಹಿಡಿಯಿತು, ಆದರೆ ಹೇಳಬೇಕಾದ್ದನ್ನೆಲ್ಲ ಅವನೇ ಹೇಳಿ ಮುಗಿಸಿದ. ಅವನ ಕಣ್ಣಲ್ಲಿ ನೀರಾಡಿತು.

ಅಜ್ಜಿ ಕಿವಿಯ ಹತ್ತಿರ ಕೈಯಿಟ್ಟರು. “ಏನೋ ಹೇಳಿದ್ಯಲ್ಲಪ್ಪ, ಸ್ವಲ್ಪ ಗಟ್ಟಿಯಾಗಿ ಹೇಳು. ಕಿವಿ ಮಿಷನ್ನು ರಿಪೇರಿಗೆ ಕೊಟ್ಟಿದ್ದೀನಿ.”

ದರ್ಜಿಗೆ ನೆಲ ಕುಸಿದಂತಾಯಿತು. ಹಿಂದೆಯೇ ಎಲ್ಲಿಂದಲೋ ಒಂದು ಹಟ ನುಗ್ಗಿತು. ಬೀದಿಗೆಲ್ಲ ಕೇಳುವಂತೆ ಕೂಗಿದ:

“ಅಜ್ಜೀ, ನಿಮ್ಮ ಕೋಟಿಗೆ ನಾನಿನ್ನೂ ಕತ್ತರೀನೇ ಹಾಕಿಲ್ಲ!”

ಒಂದಕ್ಷರವೂ ಎಡವಲಿಲ್ಲ! ನಲ್ಲಿ ಬಿಟ್ಟಂತೆ ಸಲೀಸಾಗಿ ಬಂತು. ಹೆಂಡತಿ ಚಪ್ಪಾಳೆ ತಟ್ಟಿದಳು. ಬೀದಿಯಾಚೆಯಿಂದ ಬೇಕರಿಯವನು “ಭೇಷ್!” ಎಂದ. ದರ್ಜಿ ಬೋಳು ಮೂತಿಯ ಮೇಲೆ ಇಲ್ಲದ ಮೀಸೆ ತಿರುವಿದ.

ಅಜ್ಜಿಯ ನಗು ಮಾತ್ರ ಆರಿಹೋಗಿತ್ತು.

“ಹದಿನೈದು ದಿನ ಆಯ್ತಲ್ಲೋ! ಏನ್ಮಾಡ್ತಿದ್ದೆ?”

ಅವರು ಸ್ಟೂಲು ಎಳೆದುಕೊಂಡು, ಬಾಗಿಲಿಗೆ ಅಡ್ಡಲಾಗಿ ಭದ್ರವಾಗಿ ಕೂತರು.

“ನಿಧಾನವಾಗಿ ಹೇಳಪ್ಪ. ಸಂಜೆವರೆಗೂ ನಂಗೇನೂ ಕೆಲ್ಸ ಇಲ್ಲ.”