ಶ್ರೇಯಾ ಮೇಡಂ ಕೊಡಿಸಿದ ಡೇ ಶಿಫ್ಟು

ಮದ್ದೂರಿನ ಆ ಓಣಿಯಲ್ಲಿ ಅದ್ನಾನ್ ಭಾಯ್ ತಮ್ಮ ಅಂಗಡಿಯಲ್ಲಿ ಸುತ್ತಿಗೆ ಹಿಡಿದು ತಗಡಿನ ಟ್ರಂಕು ಬಡಿಯಲು ಕೂತರೆಂದರೆ ಪಕ್ಕದ ಮನೆಯ ಕಬೀರನ ನಿದ್ದೆ ಎಕ್ಕುಟ್ಟಿ ಹೋಗುತ್ತಿತ್ತು. ಗೆಜ್ಜಲಗೆರೆಯ ಬಿಸ್ಕತ್ತು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಬೀರನಿಗೆ ಯುಗಾದಿಯಿಂದಲೂ ಬರೀ ನೈಟ್ ಶಿಫ್ಟು. ಬೆಳಿಗ್ಗೆ ಬಂದು ದಿಂಬಿಗೆ ತಲೆ ಕೊಟ್ಟರೆ ಢಣ್ ಢಣ್ ಶುರು. ವಯಸ್ಸಿನಲ್ಲಿ ಹಿರಿಯರು, ಬಾಯಿ ಬಿಟ್ಟು ಹೇಳಲು ದಾಕ್ಷಿಣ್ಯ. ಡೇ ಶಿಫ್ಟು ಕೊಡಿ ಎಂದರೆ ಮ್ಯಾನೇಜರ್ ಮರಿಸಿದ್ದಯ್ಯನವರು, "ನೋಡವ ಬುಡು" ಎಂದು ಸಾಗಹಾಕುತ್ತಿದ್ದರು.

ಹಿಂದೊಮ್ಮೆ ಸ್ಟೋರಿನ ಸಿದ್ದರಾಮುವಿಗೆ ನೌಕರಿ ಜಾಲತಾಣದಲ್ಲಿ ಯಾವುದೋ ಕಂಪನಿ ಗಾಳ ಹಾಕಿದಾಗ, ಇದೇ ಮರಿಸಿದ್ದಯ್ಯ ಹೆದರಿ ಅವನು ಕೇಳಿದಷ್ಟು ರಜೆ ಕೊಟ್ಟಿದ್ದರು. ಅದು ಕಬೀರನ ತಲೆಗೆ ಹುಳ ಬಿಟ್ಟಿತು. ಅದೇ ಜಾಲತಾಣದಲ್ಲಿ ಸುಳ್ಳು ಖಾತೆ ತೆರೆದು ಅವನು ಸಿಂಗಾಪುರದ ಕಂಪನಿಯೊಂದರ ಶ್ರೇಯಾ ಕಪೂರ್ ಎಂಬ ಮೇಡಮ್ಮನ್ನು ಹುಟ್ಟಿಸಿದ. ಫೋಟೊ ಕನ್ನಡಕದಂಗಡಿಯ ಕ್ಯಾಲೆಂಡರಿನದು. ಹುಟ್ಟಿದ ಕೂಡಲೇ ಮೇಡಂ ಕಬೀರನಿಗೇ ಬರೆದಳು: "ನಿಮ್ಮಂಥ ಫಿಟ್ಟರಿಗಾಗಿ ಏಷ್ಯಾವನ್ನೆಲ್ಲ ಜಾಲಾಡುತ್ತಿದ್ದೇವೆ."

ಶಿಫ್ಟು ಮುಗಿಸಿ ಕಾರ್ಖಾನೆಯ ಬಸ್ಸು ಹತ್ತಿದವನು ಅದನ್ನು ಸಿದ್ದರಾಮುವಿಗೆ ತೋರಿಸಿ, "ಯಾರ್ಗೂ ಏಳ್ಬ್ಯಾಡ ಕಣ್ಲಾ" ಎಂದ. ಡಂಗುರ ಸಾರಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಸ್ವಲ್ಪ ಹೊತ್ತಿಗೆ ಕಬೀರನ ಜೇಬು ಟಿಣ್ ಎಂದಿತು. ಮತ್ತೆ ಟಿಣ್. ಬಸ್ಸಿನಲ್ಲಿದ್ದವರೆಲ್ಲ ತಲೆ ಬಗ್ಗಿಸಿಕೊಂಡು ಶ್ರೇಯಾ ಮೇಡಮ್ಮಿಗೆ ತಂತಮ್ಮ ಜಾತಕ ಕಳಿಸುತ್ತಿದ್ದರು.

"ಏನ್ಲಾ, ನಾವ್ ಒತ್ತುದಂಗೆಲ್ಲ ನಿನ್ ಜೇಬು ಬಡ್ಕತದಲ್ಲಾ?" ಸಿದ್ದರಾಮು ಹುಬ್ಬೇರಿಸಿದ.

"ನಮ್ಮನೆಯೋಳು ಮಾಹೀನು ಕಣ್ಲಾ. ಬರ್ತಾ ಆಲು ತಗಂಬಾ ಅಂತಾವ್ಳೆ."

"ಇಷ್ಟ್ ಸತಿನಾ? ಆಲಿನ ಡೈರಿ ಮಡಗಿದ್ದೀರೇನ್ಲಾ?"

ಕಬೀರ ಬೆವರು ಒರೆಸಿಕೊಂಡು ಫೋನಿನ ಸದ್ದು ಅಡಗಿಸಿದ.

ಮಧ್ಯಾಹ್ನ ಮರಿಸಿದ್ದಯ್ಯನವರ ಫೋನು ಬಂತು, ತಕ್ಷಣ ಬರಬೇಕಂತೆ. ಹೊರಟವನನ್ನು ಅದ್ನಾನ್ ಭಾಯ್ ಅಡ್ಡ ಹಾಕಿದರು. ಸುದ್ದಿ ಓಣಿಗೂ ಬಂದಿತ್ತು.

"ಊರೇ ಬುಟ್ಟು ಓಯ್ತೀಯಂತಲ್ಲಪ್ಪಾ, ಯಾಕೆ?"

ನಿದ್ದೆಗೆಟ್ಟ ಬಾಯಿಗೆ ಲಗಾಮಿಲ್ಲ. "ಇನ್ನೇನ್ ಭಾಯ್, ಹಗಲೊತ್ತು ಇಲ್ಲಿ ಒಂದ್ ಗಳಿಗೆ ನಿದ್ದೆ ಬರಾಕಿಲ್ಲ."

ಅದ್ನಾನ್ ಸುತ್ತಿಗೆ ಕೆಳಗಿಟ್ಟರು. ಕಬೀರನಿಗೆ ಪಾಪ ಅನ್ನಿಸಿತು, ಆದರೆ ನಿಲ್ಲಲು ಪುರುಸೊತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಕಾಫಿಯ ಉಪಚಾರ ನಡೆಯಿತು. "ನೀನ್ ಓದ್ರೆ ನಮ್ಗಿನ್ಯಾರಯ್ಯಾ ದಿಕ್ಕು?" ಎನ್ನುತ್ತಲೇ ಮರಿಸಿದ್ದಯ್ಯ ಮೇಜಿನಡಿ ಏನೋ ಒತ್ತಿದರು. ಕಬೀರನ ಜೇಬು ಗುರ್ ಎಂದಿತು. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ನೋಡಿದ.

"ಮೇಡಂ, ಕಬೀರ್ ತೂಕಡಿಸುವ ಆಸಾಮಿ. ಅವನ ಬದಲು ನನ್ನನ್ನು ತೆಗೆದುಕೊಳ್ಳಿ. ಇತಿ, ಮರಿಸಿದ್ದಯ್ಯ."

ಕಬೀರನಿಗೆ ಮೈಯೆಲ್ಲ ಉರಿಯಿತು. ತೂಕಡಿಸುವುದೇನೋ ನಿಜ, ಹಾಗೆ ಮಾಡಿದ ಪುಣ್ಯಾತ್ಮ ಯಾರು? ಶ್ರೇಯಾ ಮೇಡಂ ಗೋಡೆಗೆ ಒರಗಿ ನಿಂತೇ ಉತ್ತರ ಬರೆದಳು: "ಕೈಕೆಳಗಿನವರನ್ನು ಚೆನ್ನಾಗಿ ನೋಡಿಕೊಳ್ಳುವವರು ಮಾತ್ರ ನಮಗೆ ಬೇಕು. ಕಬೀರ್ ಅವರಿಗೆ ಯಾವ ಶಿಫ್ಟ್ ಕೊಟ್ಟಿದ್ದೀರಿ?"

ಒಳಗೆ ಬರುವಷ್ಟರಲ್ಲಿ ಮರಿಸಿದ್ದಯ್ಯ ಎದ್ದು ನಿಂತಿದ್ದರು. "ನಾಳೆಯಿಂದ ನಿಂಗೆ ಡೇ ಶಿಫ್ಟು ಕಣಯ್ಯ! ಈವತ್ತು ರಾತ್ರಿ ಆರಾಮಾಗಿ ಮನೇಲಿ ಮಲೀಕೊ ಓಗು."

ಕಬೀರ ಹಬ್ಬದ ಖುಷಿಯಲ್ಲಿ ಮನೆಗೆ ಬಂದ. ಉಂಡು, ಮಾಹೀನ್ ಹಾಸಿಟ್ಟ ಹಾಸಿಗೆಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದ.

ಢಣ್.

ಕಿಟಕಿ ತೆರೆದರೆ ಅಂಗಡಿಯಲ್ಲಿ ದೊಡ್ಡ ಬಲ್ಬು ಉರಿಯುತ್ತಿತ್ತು. ಅದ್ನಾನ್ ಭಾಯ್ ಅವನನ್ನು ಕಂಡು ಗಾಬರಿಯಾದರು. "ಅಯ್ಯೋ, ನೀನ್ ಡ್ಯೂಟಿಗೆ ಓಗಿಲ್ವಾ ಕಬೀರ್? ನನ್ ಸದ್ದಿಗೇ ನೀನು ಊರು ಬುಡೋದು ಬ್ಯಾಡ ಕಣಪ್ಪಾ. ಇನ್ಮ್ಯಾಕೆ ಹಗಲೊತ್ತು ಸುತ್ತಿಗೆ ಮುಟ್ಟಾಕಿಲ್ಲ ಅಂತ ಆಣೆ ಮಾಡ್ಬುಟ್ಟಿವ್ನಿ. ಕೆಲ್ಸವೆಲ್ಲ ಇನ್ನು ರಾತ್ರಿಗೇಯ!"

ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಕಬೀರ ಕಿಟಕಿ ಮುಚ್ಚಿ ಫೋನು ಕೈಗೆತ್ತಿಕೊಂಡ. ಸಿಂಗಾಪುರಕ್ಕೆ ಟ್ರಂಕು ಬಡಿಯುವವರು ತುರ್ತಾಗಿ ಬೇಕಾಗಿದ್ದಾರೆಂದು ಶ್ರೇಯಾ ಮೇಡಂ ಅರ್ಧ ಬರೆದೂ ಆಗಿತ್ತು. ಆಗ ನೆನಪಾಯಿತು, ಅದ್ನಾನ್ ಭಾಯ್ ಬಳಿ ಇರುವುದು ಬರೀ ಗುಂಡಿ ಒತ್ತುವ ಹಳೇ ಫೋನು.